ಮರಿ ಇಂಜಿನ್ನಿಗೆ ಹೆದರುವ ಅಮೀರ್ ಜಾನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಲೂರು ತಾಲ್ಲೂಕಿನ ಪಾಳ್ಯದಿಂದ ಒಳಕ್ಕೆ ಹೋಗುವ ಎಸ್ಟೇಟ್ ರಸ್ತೆಯ ಕೊನೆಯಲ್ಲಿ ಒಂದು ಹೆಂಚಿನ ಶೆಡ್ ಇದೆ. ಹಿಂದೆ ಅಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇತ್ತು. ಶೆಡ್ಡಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅಮೀರ್ ಜಾನ್ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಳ್ಳುತ್ತಿದ್ದಾರೆ. ತುದಿಯನ್ನು ಹೆಬ್ಬೆರಳಿಗೆ ಒತ್ತಿ ನೋಡುತ್ತಾರೆ. ಮೆತ್ತಗಿದೆ ಎಂದು ಬಿಸಾಡಿ ಇನ್ನೊಂದು ಎಳೆಯುತ್ತಾರೆ. ತಲೆಗೆ ಮಫ್ಲರ್, ಕಂಕುಳಲ್ಲಿ ಟಾರ್ಚ್. ವಯಸ್ಸು ಅರುವತ್ತರ ಆಸುಪಾಸು.

"ಬೆಂಕಿಪೊಟ್ಣ ಆಮೇಲೆ. ಮೊದ್ಲು ಪೊರಕೆ ಕಡ್ಡಿ. ಆ ಇಂಜಿನ್ಗೆ ಎಷ್ಟು ತೂತ್ ಅವ್ಯೋ ಅಷ್ಟಕ್ಕೂ ಕಡ್ಡಿ ಆಡುಸ್ಬೇಕು. ಒಂದ್ ಬುಟ್ಟೆ ಅಂದ್ರೆ ಅವತ್ತು ನಂಗೆ ಅನ್ನ ಇಳಿಯಲ್ಲ ಕಣ್ರೀ."

ಇಂಜಿನ್ ಎಂದರೆ ಶೆಡ್ಡಿನೊಳಗಿರುವ ಒಂದು ಮಾದರಿ ರೈಲು ಇಂಜಿನ್. ಹಳೆಯ ಮೀಟರ್‌ಗೇಜ್ ಕಾಲದ ಹಬೆ ಇಂಜಿನ್ನಿನ ಪಡಿಯಚ್ಚು. ಗಾತ್ರ ಮಲಗಿದ ಕರುವಿನಷ್ಟು. ಹಳಿಯ ಅಗಲ ಒಂದು ಗೇಣು. ಆದರೆ ಇದು ಕಪಾಟಿನಲ್ಲಿಟ್ಟು ನೋಡುವ ಆಟಿಕೆಯಲ್ಲ. ಒಳಗೆ ನಿಜವಾದ ತಾಮ್ರದ ಬಾಯ್ಲರ್ ಇದೆ, ನಿಜವಾದ ಬೆಂಕಿ ಉರಿಯುತ್ತದೆ, ನೀರು ಕುದಿದು ಹಬೆಯಾಗಿ ಚಕ್ರ ತಿರುಗಿಸುತ್ತದೆ. ಹಿಂದೆ ಮೂರು ಪುಟ್ಟ ಡಬ್ಬಿಗಳಲ್ಲಿ ಮಕ್ಕಳು ಕೂರುತ್ತಾರೆ. ಕಾಫಿ ಒಣಗಿಸುವ ಕಣವನ್ನು ಸುತ್ತಿ, ಸಿಲ್ವರ್ ಮರಗಳ ನಡುವೆ ಹೋಗಿ, ಸಿಮೆಂಟಿನ ಒಂದು ಸುರಂಗ ತೂರಿ ರೈಲು ವಾಪಸ್ ಬರುತ್ತದೆ. ಸುರಂಗದ ಬಾಯಲ್ಲಿ ಯಾರೋ ತಗಡಿಗೆ ಹಳದಿ ಬಣ್ಣ ಬಳಿದು 'ಎಡಕುಮೇರಿ' ಎಂದು ಘಾಟಿಯ ರೈಲು ನಿಲ್ದಾಣದ ಹೆಸರು ಬರೆದು ನೆಟ್ಟಿದ್ದಾರೆ. ಎಸ್ಟೇಟಿನ ಜನ ಈ ಇಂಜಿನ್ನನ್ನು 'ಮರಿ' ಎನ್ನುತ್ತಾರೆ.

ಮಳೆಗಾಲವಿಡೀ ಮರಿ ನಿಂತಿತ್ತು. ಇಂದು ಶನಿವಾರ, ಈ ವರ್ಷದ ಮೊದಲ ಓಟ. ಸಕಲೇಶಪುರದ ಶಾಲೆಯೊಂದರ ಮಕ್ಕಳು ಬಸ್ಸಿನಲ್ಲಿ ಬರುವವರಿದ್ದಾರೆ.

ಶೆಡ್ಡಿನ ಬೀಗದ ಕೈ ಇರುವುದು ಎದುರಿನ ಕೆಲಸಗಾರರ ಲೈನಿನ ಮೊದಲ ಮನೆಯ ಕಲ್ಯಾಣಮ್ಮನವರ ಹತ್ತಿರ. ಗಂಡ ರುದ್ರಯ್ಯ ಎಸ್ಟೇಟಿನ ಸ್ಟೋರ್ ನೋಡಿಕೊಳ್ಳುತ್ತಿದ್ದವರು, ತೀರಿಕೊಂಡು ಬಹಳ ಕಾಲವಾಯಿತು. ಶೆಡ್ ಗುಡಿಸುವುದು, ಇಂಜಿನ್ನಿನ ಹಿತ್ತಾಳೆ ಉಜ್ಜುವುದು ಈಗ ಇವರ ಕೆಲಸ. ಶಾಲು ಹೊದ್ದು ಬಂದವರು ಬೀಗಕ್ಕೆ ಕೈ ಹಾಕುವುದಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

"ಅಮೀರಣ್ಣ, ಬಂದೈತೆ."

ಅಮೀರ್ ಜಾನ್ ಕೈಲಿದ್ದ ಕಡ್ಡಿ ಅಲ್ಲಾಡದೆ ನಿಲ್ಲುತ್ತದೆ. "ಎಲ್ಲಿ?"

"ಅಲ್ಲೇ. ಹೋದ್ಸಲ ಇದ್ದ ಕಡೇನೆ."

"ಬಟ್ಟೆ ಮುಚ್ಚಿದ್ನಲ್ಲಕ್ಕ!"

"ಬಟ್ಟೆ ಬೂಷ್ಟು ಹಿಡಿದು ನಾರ್ತಿತ್ತು. ಬಿಸ್ಲು ಬಂತಲ್ಲ ಅಂತ ಒಣಗಾಕಿದ್ದೆ. ಅಷ್ಟ್ರಲ್ಲೇ ಕಟ್ಟಿಬುಟ್ಟೈತೆ. ಈ ಸಲ ಮುಚ್ಚಿಡಲ್ಲ ಅಂತ ಹೇಳ್ತಾ ಇವ್ನಿ."

ಬಾಗಿಲು ತೆರೆಯುತ್ತದೆ. ಟಾರ್ಚಿನ ಬೆಳಕು ಇಂಜಿನ್ನಿನ ಬೆನ್ನ ಮೇಲೆ ಹರಿದು ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಬೆರಳು ಗಾತ್ರದ ಎರಡು ಹಿತ್ತಾಳೆ ಬುರುಡೆಗಳು ಅಕ್ಕಪಕ್ಕ ನಿಂತಿವೆ. ಒಂದರ ಬಾಯಿ ತೆರೆದಿದೆ. ಇನ್ನೊಂದರ ಬಾಯಿಗೆ ಕೆಂಪು ಮಣ್ಣು ಮೆತ್ತಿದೆ, ಪುಟ್ಟ ಮಡಕೆಯನ್ನು ಕವುಚಿ ಇಟ್ಟಂತೆ. ಕುಂಬಾರ ಕಣಜದ ಗೂಡು.

ಇಬ್ಬರೂ ಅದನ್ನು ನೋಡುತ್ತ ನಿಲ್ಲುತ್ತಾರೆ. ಯಾರೂ ಮುಟ್ಟುವುದಿಲ್ಲ.

ಆ ಹಿತ್ತಾಳೆ ಬುರುಡೆಗಳು ಏನೆಂದು ಹೇಳದಿದ್ದರೆ ಇವರ ಭಯ ಅರ್ಥವಾಗುವುದಿಲ್ಲ. ಮನೆಯ ಕುಕ್ಕರಿನ ಮೇಲೆ ವೆಯ್ಟ್ ಇರುತ್ತದಲ್ಲ, ಹಾಗೆ ಇವು ಬಾಯ್ಲರಿನ ಸೇಫ್ಟಿ ವಾಲ್ವುಗಳು. ಹಬೆಯ ಒತ್ತಡ ಎಂಬತ್ತು ಪೌಂಡ್ ಮುಟ್ಟಿದ ಕೂಡಲೇ ತಾವೇ ತೆರೆದುಕೊಂಡು ಹೆಚ್ಚಾದ ಹಬೆಯನ್ನು ಹೊರಗೆ ಬಿಡಬೇಕು. ಇವುಗಳ ಬಾಯಿ ಕಟ್ಟಿದರೆ ಹಬೆಗೆ ದಾರಿಯಿಲ್ಲ. ಬೆಂಕಿ ಉರಿಯುತ್ತಲೇ ಇರುತ್ತದೆ. (ತಾಂತ್ರಿಕ ವಿವರಗಳನ್ನು ನಾನು ಅಮೀರ್ ಜಾನ್ ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಅದು ನನ್ನದು.)

ಅಮೀರ್ ಜಾನ್ ಸಕಲೇಶಪುರದವರು. ಹೇಮಾವತಿ ಸೇತುವೆಯಿಂದ ಅಷ್ಟು ದೂರವಲ್ಲದ ಒಂದು ಓಣಿಯಲ್ಲಿ ಅವರ ತಂದೆಯ ಲೇತ್ ಇತ್ತು. ಲೇತ್ ಕಲಿಯುವ ಮೊದಲು, ಮೀಸೆ ಮೂಡುವ ವಯಸ್ಸಿನಲ್ಲಿ, ಅವರು ಬೇರೆ ಜಿಲ್ಲೆಯ ಅಕ್ಕಿ ಮಿಲ್ಲೊಂದರಲ್ಲಿ ಬಾಯ್ಲರಿಗೆ ಹೊಟ್ಟು ತುಂಬುವ ಕೆಲಸಕ್ಕೆ ಹೋಗಿದ್ದರು. ಅಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದವರು ದಾಸಯ್ಯ. ಕೆಲಸ ಕಲಿಸಿದ ಗುರು. ಹಬೆ ಸುಮ್ಮನೆ ಹೊರಗೆ ಹೋಗಿ ಹಾಳಾಗುತ್ತದೆ ಎಂದು ಅಲ್ಲಿ ಸೇಫ್ಟಿ ವಾಲ್ವನ್ನು ತಂತಿಯಿಂದ ಬಿಗಿದು ಕಟ್ಟುತ್ತಿದ್ದರಂತೆ.

"ಯಾವ ಮಿಲ್ಲು ಅಂತ ಬರೀಬೇಡಿ, ಈಗ ಅದು ಇಲ್ಲ. ಒಂದಿನ ಬಾಯ್ಲರ್ ಬಾಗ್ಲೇ ಕಿತ್ಕೊಂಡು ಹೋಯ್ತು. ನಾನು ಹೊಟ್ಟು ತರೋಕೆ ಆಚೆ ಹೋಗಿದ್ದೆ. ಬಂದು ನೋಡುದ್ರೆ ದಾಸಯ್ಯ ನಿಂತೇ ಅವ್ರೆ. ಕಣ್ಣು ಇಲ್ಲ. 'ಅಮೀರ, ಕರೆಂಟ್ ಹೋಯ್ತೇನ್ಲಾ?' ಅಂತ ಕೇಳುದ್ರು."

ಅಲ್ಲಿಂದ ಓಡಿ ಬಂದವರು ತಂದೆಯ ಲೇತ್ ಹಿಡಿದರು. ಪಲ್ಪರಿನ ಬುಷ್, ಪಂಪಿನ ಶಾಫ್ಟ್, ಜೀಪಿನ ಬೋಲ್ಟು, ಏನು ಬೇಕಾದರೂ ಕಡೆದುಕೊಟ್ಟರು. ಬಾಯ್ಲರ್ ಎಂಬ ಮಾತು ಬಂದರೆ ಮಾತ್ರ ಗಿರಾಕಿಯನ್ನು ವಾಪಸ್ ಕಳಿಸುತ್ತಿದ್ದರು.

ಈ ಎಸ್ಟೇಟಿನ ಮಾಲೀಕ ಚಂದ್ರಯ್ಯನವರ ತಂದೆ ಎಲ್ಲಿಂದಲೋ ಕೊಂಡು ತಂದಿದ್ದ ಇಂಜಿನ್ ಸ್ಟೋರಿನ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಬಿದ್ದಿತ್ತು. ಹೋಮ್‌ಸ್ಟೇ ಶುರುವಾದ ಮೇಲೆ ಅದನ್ನು ಓಡಿಸಬೇಕೆಂಬ ಆಸೆ ಚಂದ್ರಯ್ಯನವರಿಗೆ ಹುಟ್ಟಿತು. ಅಮೀರ್ ಜಾನ್ ಒಪ್ಪಲಿಲ್ಲ. ಹಲವು ಸಲ ಒಪ್ಪಲಿಲ್ಲ. "ಬೇರೆ ಯಾರನ್ನಾದ್ರೂ ಕರಸ್ತೀನಿ ಬಿಡಿ ಅಂದೆ," ಎಂದು ಚಂದ್ರಯ್ಯ ನೆನೆಯುತ್ತಾರೆ. "ಮಾರನೇ ದಿನಾನೇ ಬಂದ್ರು. 'ಬೇರೆಯವ್ನು ಹೆದ್ರುಕೊಳ್ದೆ ಮಾಡ್ತಾನೆ, ಅದೇ ನಂಗೆ ಹೆದ್ರಿಕೆ' ಅಂದ್ರು."

ಹಾಗೆ ಶುರುವಾದ ಕೆಲಸ ಇದು. ಹಳೆಯ ಬಾಯ್ಲರನ್ನು ಬಿಸಾಡಿ ಹೊಸ ತಾಮ್ರದ್ದು ಮಾಡಿಸಿದರು. ಪ್ರತಿ ವರ್ಷ ಅದರ ತುಂಬ ತಣ್ಣೀರು ತುಂಬಿ, ಕೈ ಪಂಪಿನಿಂದ ಒತ್ತಡ ಏರಿಸಿ, ಒಂದು ಹನಿಯಾದರೂ ಜಿನುಗುತ್ತದೆಯೇ ಎಂದು ಬೆರಳಿನಿಂದ ಸವರಿ ನೋಡುತ್ತಾರೆ. "ತಣ್ಣೀರಲ್ಲಿ ಒಡುದ್ರೆ ನೆಲ ನೆನೀತದೆ. ಬಿಸಿ ಹಬೇಲಿ ಒಡುದ್ರೆ ಮನೆ ನೆನೀತದೆ, ಕಣ್ಣೀರಲ್ಲಿ."

ದಿನದ ಕೆಲಸ ಇದಕ್ಕಿಂತ ಸಣ್ಣದು, ಆದರೆ ಮುಗಿಯದ್ದು. ಹಳ್ಳದ ನೀರು ಹಾಕಿದರೆ ಬಾಯ್ಲರೊಳಗೆ ಕೆಂಪು ಗಸಿ ಕೂರುತ್ತದೆ ಎಂದು ಮಳೆನೀರನ್ನು ಸೋಸಿ ಡ್ರಮ್ಮಿನಲ್ಲಿ ಹಿಡಿದಿಡುತ್ತಾರೆ. ಹಳಿಯ ಮೇಲೆ ಸಿಲ್ವರ್ ಮರದ ಎಲೆ ಬಿದ್ದು ಕೊಳೆತರೆ ಚಕ್ರ ಜಾರುತ್ತದೆ, ಅದನ್ನು ಬಟ್ಟೆಯಿಂದ ಒರೆಸಿಕೊಂಡು ಇಡೀ ದಾರಿ ಬಗ್ಗಿ ನಡೆಯುತ್ತಾರೆ. ಇಂಜಿನ್ನಿನ ಉಸಿರಿನಲ್ಲಿ ಒಂದು ತಾಳ ತಪ್ಪಿದರೂ ಅವರಿಗೆ ತಿಳಿಯುತ್ತದೆ. "ಕುಂಟೋ ಎತ್ತು ನಡುದ್ರೆ ಗೊತ್ತಾಗಲ್ವಾ, ಹಂಗೆ. ಛಕ್ ಛಕ್ ಛಕ್ ಛಕ್ ಅನ್ಬೇಕು. ಛಕ್ ಛಕ್ ಛೂ ಅಂದ್ರೆ ಒಳ್ಗೆ ಎಲ್ಲೋ ಹಬೆ ಕದೀತಾ ಐತೆ ಅಂತ." ಶೆಡ್ಡಿನಲ್ಲಿ ಇನ್ನೊಂದು ಇಂಜಿನ್ನೂ ಇದೆ. ಡೀಸೆಲ್ ಇಂಜಿನ್ನಿನ ರೂಪದ್ದು, ನೀಲಿ ಬಣ್ಣ, ಬ್ಯಾಟರಿಯಿಂದ ಓಡುತ್ತದೆ. ಅದರ ಕಾಯಿಲೆಗಳೇ ಬೇರೆ. ಇಲಿ ವೈರ್ ಕಡಿಯುತ್ತದೆ, ಮಳೆಗಾಲದ ತೇವಕ್ಕೆ ಸ್ವಿಚ್ಚು ಹಸಿರುಗಟ್ಟುತ್ತದೆ, ಮೋಟಾರಿನ ಬ್ರಷ್ ಸವೆಯುತ್ತದೆ. "ಅದು ಕೆಟ್ರೆ ನಿಂತ್ಕೊಳ್ತದೆ, ಅಷ್ಟೇ. ನಿಂತ್ಕೊಳ್ಳೋ ಇಂಜಿನ್ಗೆ ಯಾರ್ ಹೆದರ್ತಾರೆ? ಮರಿ ಹಂಗಲ್ಲ. ಅದು ಕೆಟ್ರೂ ಓಡ್ತಾ ಇರ್ತದೆ."

ಈಗ ಗೂಡಿನ ವಿಷಯಕ್ಕೆ ಬರಬೇಕು.

ನಮ್ಮ ಕಡೆ ಒಂದು ನಂಬಿಕೆಯಿದೆ. ಕುಂಬಾರ ಕಣಜ ಮನೆಯಲ್ಲಿ ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ ಎಂದು. ಅಂಥ ಗೂಡನ್ನು ಯಾರೂ ಕೆಡವುವುದಿಲ್ಲ. ಗೋಡೆಗೆ ಸುಣ್ಣ ಹೊಡೆಯುವಾಗಲೂ ಅದನ್ನು ಬಿಟ್ಟು ಸುತ್ತ ಹೊಡೆಯುತ್ತಾರೆ. ಕಲ್ಯಾಣಮ್ಮ ಹೇಳುತ್ತಾರೆ: "ಆಶಾ ಹುಟ್ಟೋಕ್ ಮುಂಚೆ ನಮ್ ದೇವರ ಗೂಡಿನ್ ಮೇಲೇ ಕಟ್ಟಿತ್ತು. ನಮ್ಮತ್ತೆ ಅದುಕ್ಕೆ ಅರಿಶಿನ ಇಟ್ಟಿದ್ಲು."

ಆಶಾ ಕಲ್ಯಾಣಮ್ಮನವರ ಒಬ್ಬಳೇ ಮಗಳು. ಆಲೂರಿನಲ್ಲಿ ಪಿಕಪ್ ಓಡಿಸುವ ಮಹೇಶ್ ಅವರನ್ನು ಮದುವೆಯಾಗಿ ವರ್ಷಗಳಾದರೂ ಮಗುವಾಗಿರಲಿಲ್ಲ. ಕಳೆದ ವರ್ಷ ದೀಪಾವಳಿಯ ಹೊತ್ತಿಗೆ, ಶೆಡ್ ಗುಡಿಸುತ್ತಿದ್ದ ಕಲ್ಯಾಣಮ್ಮನಿಗೆ ಇಂಜಿನ್ನಿನ ಮೇಲೆ ಗೂಡು ಕಂಡಿತು. ಆಗ ಇದ್ದದ್ದು ಒಂದೇ ವಾಲ್ವ್. ಅದರ ಬಾಯಿಗೇ ಕಟ್ಟಿತ್ತು. ಆ ಹಿತ್ತಾಳೆ ಬುರುಡೆ ಏನು ಕೆಲಸ ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಶೆಡ್ಡಿನ ಬೀಗದ ಕೈ ತನ್ನ ಸೊಂಟದಲ್ಲಿದೆ, ಆದ್ದರಿಂದ ಇದೂ ತನ್ನ ಮನೆಯೇ ಎಂದುಕೊಂಡರು. ಗೂಡಿಗೆ ತಾಗದಂತೆ ಸುತ್ತಲಿನ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿದರು. ಗಂಡಸರ ಕಣ್ಣಿಗೆ ಬಿದ್ದರೆ ಕಿತ್ತು ಹಾಕುತ್ತಾರೆಂದು ಅದರ ಮೇಲೊಂದು ಚೆಂಡು ಹೂವಿನ ಸರ ಸುತ್ತಿದರು. ಹಬ್ಬದ ಹೂವೆಂದು ಅಮೀರ್ ಜಾನ್ ಕೂಡ ಅದನ್ನು ತೆಗೆಯಲಿಲ್ಲ.

ಅಂದು ಇದೇ ಶಾಲೆಯ ಮಕ್ಕಳು ಬಂದಿದ್ದರು. ಮೂರೂ ಡಬ್ಬಿ ತುಂಬಿ ಕೂತಿದ್ದರು. ಅಮೀರ್ ಜಾನ್ ಒತ್ತಡದ ಮುಳ್ಳು ನೋಡುತ್ತ ವಾಲ್ವ್ 'ಉಸ್ಸ್' ಎನ್ನುವುದನ್ನು ಕಾಯುತ್ತಿದ್ದರು. ಮುಳ್ಳು ಎಂಬತ್ತರ ಕೆಂಪು ಗೆರೆ ಮುಟ್ಟಿತು. ದಾಟಿತು. ಉಸ್ಸ್ ಎನ್ನಲಿಲ್ಲ.

"ಮೀಟ್ರೇ ಕೆಟ್ಟೈತೆ ಅಂದ್ಕೊಂಡೆ. ಬೆರಳಲ್ಲಿ ಕುಟ್ಟಿದೆ. ಮನುಷ್ಯ ಹಂಗೇ ಕಣ್ರೀ, ಕೆಟ್ಟದ್ದು ಹೇಳೋ ಮೀಟ್ರು ಸುಳ್ಳು ಅಂತ್ಲೇ ಮೊದ್ಲು ಅನ್ಸೋದು. ಕುಟ್ಟಿದ್ ಮೇಲೆ ಇನ್ನೂ ಏರ್ತು. ಅವಾಗ ದಾಸಯ್ಯ ಕಣ್ ಮುಂದೆ ಬಂದ್ ನಿಂತ್ರು."

ಕೂಗಿದರೆ ಮಕ್ಕಳು ಗಾಬರಿಯಾಗಿ ಡಬ್ಬಿಗಳಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಅವರು ಹಿಂದೆ ತಿರುಗಿ ನಗುನಗುತ್ತ ಹೇಳಿದ್ದು ಇಷ್ಟೇ: "ಲೇ, ಬಸ್ಸಲ್ಲಿ ಕ್ರೀಮ್ ಬಿಸ್ಕತ್ತು ಹಂಚ್ತಾವ್ರೆ ಕಣ್ರೋ! ಮೊದ್ಲು ಹೋದೋರ್ಗೆ ಎರಡಂತೆ!" ಡಬ್ಬಿಗಳು ಕ್ಷಣದಲ್ಲಿ ಖಾಲಿಯಾದವು. ಮಕ್ಕಳು ಕಣ ದಾಟಿ ಬಸ್ಸಿನ ಕಡೆ ಓಡಿದರು. ಅಮೀರ್ ಜಾನ್ ಬಾಯ್ಲರಿನ ಪಕ್ಕದಲ್ಲೇ ಮಂಡಿಯೂರಿ, ಉರಿಯುವ ಬೆಂಕಿಯನ್ನು ಹಳಿಯ ಮೇಲೆ ಸುರಿದು, ಸೀಟಿಯ ಹಿಡಿಯನ್ನು ಎಳೆದು ಹಿಡಿದರು. ಹಬೆಗೆ ಉಳಿದಿದ್ದ ದಾರಿ ಅದೊಂದೇ. ಸೀಟಿ ಕೂಗಿತು, ಕೂಗುತ್ತಲೇ ಇತ್ತು. ಮುಳ್ಳು ಇಳಿಯುವವರೆಗೆ ಅವರ ಕೈ ಸಡಿಲಾಗಲಿಲ್ಲ. ಬಸ್ಸಿನ ಹತ್ತಿರ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ಉದ್ದದ ಸೀಟಿ ತಮಗಾಗಿಯೇ ಹೊಡೆದದ್ದು ಎಂದು.

"ಒಡೀತಿತ್ತೋ ಇಲ್ವೋ ಇವತ್ತಿಗೂ ನಂಗ್ ಗೊತ್ತಿಲ್ಲ. ತಡ್ಕೊಂಡ್ರೂ ತಡ್ಕೊಳ್ತಿತ್ತೇನೋ. ಗೊತ್ತಿಲ್ಲ ಅನ್ನೋದೇ ಹೆದ್ರಿಕೆ."

ಇಂಜಿನ್ ತಣ್ಣಗಾದ ಮೇಲೆ ಹೂವಿನ ಸರ ಕಿತ್ತು ನೋಡಿದರು. ಕಾದು ಇಟ್ಟಿಗೆಯಂತಾಗಿದ್ದ ಮಣ್ಣನ್ನು ಸಿಟ್ಟಿನಲ್ಲಿ ಸ್ಕ್ರೂಡ್ರೈವರಿನಿಂದ ಒಡೆದು ನೆಲಕ್ಕೆ ಬಿಸಾಡಿದರು. ಸದ್ದಿಗೆ ಬಂದ ಕಲ್ಯಾಣಮ್ಮ ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಆರಿಸಿಕೊಂಡರು. "ನಾನ್ ನೋಡಿದ್ದೆ ಅಮೀರಣ್ಣ. ನಾನೇ ಬುಟ್ಟಿದ್ದೆ," ಎಂದರು. ಇಷ್ಟು ವರ್ಷಗಳಲ್ಲಿ ಅಮೀರ್ ಜಾನ್ ಆಕೆಯ ಮೇಲೆ ಕೂಗಾಡಿದ್ದು ಅಂದು ಮಾತ್ರ. ಆಕೆ ತಿರುಗಿ ಒಂದು ಮಾತು ಆಡಲಿಲ್ಲ. ಆಶಾಗೆ ದಿನ ತಪ್ಪಿದೆ ಎಂಬ ಸುದ್ದಿ ಆಲೂರಿನಿಂದ ಬಂದು ಆಗ ಒಂದು ವಾರವೂ ಆಗಿರಲಿಲ್ಲ. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಆ ತಿಂಗಳು ಮುಗಿಯುವವರೆಗೂ ಆ ಮಗು ನಿಲ್ಲಲಿಲ್ಲ.

ಇದನ್ನು ಬರೆಯಬಹುದೇ ಎಂದು ಆಶಾ ಅವರನ್ನು ಕೇಳಿದೆ. ಅವರು ಹೇಳಿದರು: "ಬರೀರಿ. ಆದ್ರೆ ಹುಳದ ಗೂಡು ಒಡೆದಿದ್ದಕ್ಕೆ ಹಿಂಗಾಯ್ತು ಅಂತ ಬರೀಬೇಡಿ. ಅಮೀರಣ್ಣನ್ ಕೈಯಿಂದ ಆಯ್ತು ಅಂತಾನೂ ಬರೀಬೇಡಿ. ಡಾಕ್ಟ್ರು ಬೇರೆ ಕಾರಣ ಹೇಳಿದ್ರು." ಹಾಗೆಯೇ ಬರೆದಿದ್ದೇನೆ.

ಅಮೀರ್ ಜಾನ್ ಅವರಿಗೂ ಅದು ಗೊತ್ತು. ಗೊತ್ತಿದ್ದರೂ ವರ್ಷದಿಂದ ಕಲ್ಯಾಣಮ್ಮನ ಕಣ್ಣು ತಪ್ಪಿಸಿಕೊಂಡು ಓಡಾಡಿದ್ದಾರೆ. "ನೀನೇ ಒಡುದ್ಬುಟ್ಟೆ ಅಂತ ಆಯಮ್ಮ ಒಂದ್ ಸಲ ಬೈದಿದ್ರೆ, ಜಗಳ ಆಡಿ ಹಗೂರ ಆಗ್ತಿದ್ದೆ. ಬೈಲಿಲ್ಲ. ಟೀ ಕೊಟ್ಲು. ಇಂಥದ್ರಲ್ಲೆಲ್ಲ ನಂಗೆ ನಂಬ್ಕೆ ಇಲ್ಲ ಕಣ್ರೀ. ನಂಬ್ಕೆ ಇಲ್ಲ ಅಂತ ಜೋರಾಗಿ ಹೇಳೋಕೂ ಹೆದ್ರಿಕೆ."

ಆ ಮೇಲೆ ಅವರು ಲೇತಿನಲ್ಲಿ ಕೂತು ಹೊಸ ವಾಲ್ವುಗಳನ್ನು ಕಡೆದರು. ಒಂದರ ಜಾಗದಲ್ಲಿ ಎರಡು ಹಾಕಿದರು. ಬೆಂಕಿಗೆ ಮುಂಚೆ ಪೊರಕೆ ಕಡ್ಡಿ ಎಂಬ ಪದ್ಧತಿ ಶುರುವಾದದ್ದೂ ಆಗಲೇ.

ಈಗ ಆಶಾ ಮತ್ತೆ ಬಸುರಿ. ಏಳನೆಯ ತಿಂಗಳು. ಅಮ್ಮನ ಮನೆಗೆ ಬಂದಿದ್ದಾರೆ. ಗೂಡೂ ಬಂದಿದೆ.

ಮಂಜು ಸ್ವಲ್ಪ ತೆಳುವಾಗುವಾಗ ಚಂದ್ರಯ್ಯ ಶೆಡ್ಡಿಗೆ ಬರುತ್ತಾರೆ. ವಿಷಯ ಕೇಳಿ ಹಣೆ ಉಜ್ಜಿಕೊಳ್ಳುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಬಸ್ ಹೊರಟಿದೆ ಎಂದು ಫೋನ್ ಬಂದಿದೆ.

"ಇನ್ನೊಂದು ವಾಲ್ವ್ ಐತಲ್ಲ ಸಾಬ್ರೇ. ಇವತ್ತೊಂದಿನ ಅದರ ಮೇಲೇ ಓಡ್ಸಿ. ಇದನ್ನ ಮುಟ್ಟೋದೇ ಬ್ಯಾಡ."

"ಒಂದ್ ಕಣ್ ಮುಚ್ಕೊಂಡು ನೀವು ಘಾಟಿ ಇಳೀತೀರಾ ಚಂದ್ರಯ್ನೋರೇ?"

"ಇಳಿಯಲ್ಲಪ್ಪ."

"ಮತ್ತೆ?"

"ಹಂಗಾದ್ರೆ ಗೂಡು ತೆಗೀರಿ." ಹೇಳಿದವರೇ ಕಲ್ಯಾಣಮ್ಮನ ಮುಖ ನೋಡಿ ಮಾತು ನುಂಗಿಕೊಳ್ಳುತ್ತಾರೆ. ಕಲ್ಯಾಣಮ್ಮ ಪೊರಕೆಯನ್ನು ಎದೆಗವುಚಿಕೊಂಡು ನೆಲ ನೋಡುತ್ತಿದ್ದಾರೆ.   "ಮಕ್ಳು ಮುಖ್ಯ ಅಮೀರಣ್ಣ," ಎನ್ನುತ್ತಾರೆ ಕೊನೆಗೆ. ಯಾವ ಮಕ್ಕಳು ಎಂದು ಯಾರೂ ಕೇಳುವುದಿಲ್ಲ.

ಅಮೀರ್ ಜಾನ್ ಕೈಲಿದ್ದ ಕಡ್ಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಾರೆ. ಇಂಜಿನ್ನಿನ ಸುತ್ತ ಒಂದು ಸಲ ನಡೆಯುತ್ತಾರೆ. ಆಮೇಲೆ ಮನೆಗೆ ಫೋನ್ ಹಚ್ಚಿ ಹೆಂಡತಿ ಮಸೂದಾ ಅವರಿಗೆ, ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬಟ್ಟೆ ಸುತ್ತಿಟ್ಟಿರುವ ಹಿತ್ತಾಳೆ ಸಾಮಾನನ್ನು ಆಟೋದಲ್ಲಿ ಕಳಿಸಲು ಹೇಳುತ್ತಾರೆ. ಅವರು ಕಡೆದದ್ದು ಎರಡಲ್ಲ, ಮೂರು. ಒಂದು ಕೆಟ್ಟರೆ ಇರಲಿ ಎಂದು.

"ಗೂಡು ಒಡಿಯಲ್ಲಕ್ಕ. ಗೂಡ್ ಸಮೇತ ವಾಲ್ವ್‌ನೇ ಬಿಚ್ಚಿ ಇಟ್ಬುಡ್ತೀನಿ. ಹುಳುಕ್ಕೆ ಮನೆ ಕಟ್ಕೊಟ್ಟೋನು ನಾನೇ ಅಲ್ವಾ, ಅದ್ರು ಪಾಡಿಗೆ ಇರ್ಲಿ."

ಹೇಳುವುದು ಸುಲಭ. ವಾಲ್ವಿನ ಬುಡಕ್ಕೆ ಪಾನಾ ಹಾಕಿದರೆ ಅದು ಅಲ್ಲಾಡುವುದಿಲ್ಲ. ಮಳೆಗಾಲದ ತೇವಕ್ಕೆ ತಿರುಪಿನ ಮರೆ ಕಚ್ಚಿಕೊಂಡಿದೆ. ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಬಿಡುತ್ತದೆ, ಆದರೆ ಆ ಪೆಟ್ಟಿಗೆ ಒಣಮಣ್ಣಿನ ಗೂಡು ಬಿರುಕು ಬಿಡುತ್ತದೆ. ಅಮೀರ್ ಜಾನ್ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಬುಡಕ್ಕೆ ಸುತ್ತುತ್ತಾರೆ. ಕಾಯುತ್ತಾರೆ. ಮತ್ತೆ ಸುತ್ತುತ್ತಾರೆ. ಪಾನಾ ಹಿಡಿದ ಕೈಯಲ್ಲಿ ನರ ಎದ್ದು ಕಾಣುತ್ತಿದೆ. ಕಲ್ಯಾಣಮ್ಮ ನೋಡಲಾರದೆ ಹೊರಗೆ ಹೋಗುತ್ತಾರೆ. ಅವರ ಜಾಗದಲ್ಲಿ ಬಂದು ಟಾರ್ಚ್ ಎತ್ತಿಕೊಂಡವರು ಆಶಾ.

"ನೀನ್ ಆಚೆ ಹೋಗವ್ವ, ಇಲ್ಲಿ ನಿಂತ್ಕೋಬ್ಯಾಡ."

"ಬೆಂಕೀನೇ ಹಚ್ಚಿಲ್ಲ. ತಣ್ಣಗಿರೋ ಇಂಜಿನ್ಗೆ ಯಾಕ್ ಹೆದರ್ತೀರಾ ಮಾರಾಯ್ರೇ? ಬೆಳಕು ಎಲ್ಲಿಗ್ ಬೇಕು ಹೇಳಿ."

"ಬುಡಕ್ಕೆ. ಅಲ್ಲಾಡುಸ್ಬ್ಯಾಡ."

"ಅಲ್ಲಾಡ್ತಿರೋದು ನಿಮ್ ಕೈ."

ಒಂದು ಸಣ್ಣ ಕಿರ್ ಸದ್ದು.  ಬಿರುಕು ಬಿಟ್ಟದ್ದು ಮಣ್ಣೋ, ಸಡಿಲಾದದ್ದು ಮರೆಯೋ ತಿಳಿಯುವುದಿಲ್ಲ. ಪಾನಾ ಒಂದು ಕೂದಲೆಳೆಯಷ್ಟು ತಿರುಗುತ್ತದೆ. ಇನ್ನೊಂದಷ್ಟು. ಆಮೇಲೆ ಬೆರಳಲ್ಲೇ ತಿರುಗುತ್ತದೆ. ಆಶಾ ಸೆರಗನ್ನು ಮಡಿಸಿ ಅಂಗೈ ಮೇಲೆ ಹಾಸಿ ಚಾಚುತ್ತಾರೆ. ಅಮೀರ್ ಜಾನ್ ಗೂಡು ಹೊತ್ತ ಹಿತ್ತಾಳೆ ಬುರುಡೆಯನ್ನು ಅದರ ಮೇಲೆ ಇಡುತ್ತಾರೆ. ಮಣ್ಣು ಹಾಗೆಯೇ ಇದೆ.

ಒಳಗೆ ಬಂದ ಕಲ್ಯಾಣಮ್ಮ ಅದನ್ನು ಶೆಡ್ಡಿನ ಕಿಟಕಿಯ ಮೇಲೆ, ಇರುವೆ ಹತ್ತದಂತೆ ನೀರು ತುಂಬಿದ ತಟ್ಟೆಯ ನಡುವೆ ಲೋಟ ಕವುಚಿ, ಅದರ ಮೇಲೆ ಇಡುತ್ತಾರೆ.  ಮನೆಗೆ ಹೋಗಿ ಎಲ್ಲರಿಗೂ ಟೀ ತರುತ್ತಾರೆ.

ಆಟೋ ಬರುವ ಹೊತ್ತಿಗೆ ಶಾಲೆಯ ಬಸ್ಸೂ ಬಂದಿದೆ. ಆಟೋ ಓಡಿಸಿಕೊಂಡು ಬಂದವರು ಅಮೀರ್ ಜಾನ್ ಅವರ ತಮ್ಮನ ಮಗ ನಾಸಿರ್. ಆದರೆ ಹಿಂದಿನ ಸೀಟಿನಿಂದ ಇಳಿದವರು ಸ್ವತಃ ಮಸೂದಾ, ವಾಲ್ವನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು. "ಕಳ್ಸಿ ಅಂದ್ರು. ದಾರೀಲಿ ಇವ್ನು ಬೀಳ್ಸಿದ್ರೆ ಅಂತ ನಾನೇ ಬಂದೆ. ಇವ್ರ ಹೆದ್ರಿಕೆ ಅಂಟುರೋಗ," ಎಂದು ನಗುತ್ತಾರೆ. "ಮನೇಲಿ ಕುಕ್ಕರ್ ಇಡೋಕೆ ಮುಂಚೆ ಇವ್ರೇ ಬಂದು ವೆಯ್ಟಿನ ತೂತ್ಗೆ ಕಡ್ಡಿ ಹಾಕಿ ನೋಡ್ಬೇಕು. ಎರಡ್ ಸೀಟಿ ಹೊಡ್ಯೋ ಹೊತ್ಗೆ ಬೀದೀಗೆ ಹೋಗ್ ನಿಂತಿರ್ತಾರೆ. ಬ್ಯಾಳೆ ಬೇಯಿಸೋಕೆ ಇಷ್ಟು ಧೈರ್ಯ ಬೇಕಾ?"

ಹೊಸ ವಾಲ್ವ್ ಕೂರುತ್ತದೆ. ಅಷ್ಟಕ್ಕೇ ಬೆಂಕಿ ಹಚ್ಚುವ ಹಾಗಿಲ್ಲ. ಮೊದಲು ತಣ್ಣೀರಿನ ಪರೀಕ್ಷೆ ಆಗಬೇಕು. ಮಕ್ಕಳು ಕಾಯಬೇಕಾಗುತ್ತದೆ ಎಂದು ಹೇಳಲು ಅಮೀರ್ ಜಾನ್ ಟೀಚರ್ ಸುಮನಾ ಅವರ ಹತ್ತಿರ ಹೋಗುತ್ತಾರೆ. ಕಳೆದ ವರ್ಷದ ಘಟನೆಯನ್ನು ಅವರು ಸುಮನಾ ಅವರಿಂದ ಮುಚ್ಚಿಟ್ಟಿಲ್ಲ. ಮಾರನೆಯ ದಿನವೇ ಶಾಲೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ ಬಂದಿದ್ದರು.

"ಈ ಸಲ ಬಿಸ್ಕತ್ತು ನಾನೇ ತಂದಿದ್ದೀನಿ ಸಾಬ್ರೇ," ಎನ್ನುತ್ತಾರೆ ಸುಮನಾ, ಬ್ಯಾಗು ತಟ್ಟಿ. "ಹೋದ ವರ್ಷ ಬಸ್ಸಲ್ಲಿ ಒಂದು ಪ್ಯಾಕೆಟ್ಟೂ ಇರಲಿಲ್ಲ. ಈ ಮಕ್ಕಳು ನನ್ನನ್ನ ಸಕಲೇಶಪುರದ ತನಕ ಬೈದಿದ್ವು."

ಮತ್ತೆ ಇಲ್ಲಿಗೇ ಕರೆತರಲು ಹೆದರಿಕೆಯಾಗಲಿಲ್ಲವೇ ಎಂದು ಕೇಳಿದ್ದಕ್ಕೆ ಅವರ ನಗು ಕಡಿಮೆಯಾಗುತ್ತದೆ. "ಆಯ್ತು. ರಾತ್ರಿ ನಿದ್ದೆ ಬಂದಿಲ್ಲ. ಆದರೆ ತಪ್ಪು ಆಗ್ತಿತ್ತು ಅಂತ ಬಂದು ಹೇಳಿದವರು ಇವರೊಬ್ಬರೇ. ಉಳಿದ ಕಡೆ ಏನಾಗಿರುತ್ತೋ ನಮಗೆ ಗೊತ್ತೇ ಆಗಲ್ಲವಲ್ಲ."

ನೀಲಿ ಇಂಜಿನ್ ಮಕ್ಕಳನ್ನು ಸುತ್ತಿಸುತ್ತಿರುವಾಗ, ಶೆಡ್ಡಿನಲ್ಲಿ ಅಮೀರ್ ಜಾನ್ ಮರಿಗೆ ತಣ್ಣೀರು ತುಂಬಿ ಪಂಪು ಒತ್ತುತ್ತಾರೆ. ಮುಳ್ಳು ಎಂಬತ್ತಕ್ಕೆ ಬಂದ ಕೂಡಲೇ ಎರಡೂ ವಾಲ್ವುಗಳು ಪಿಚಕ್ಕನೆ ನೀರು ಚಿಮ್ಮಿಸುತ್ತವೆ. ಬುಡವನ್ನೆಲ್ಲ ಬೆರಳಿನಿಂದ ಸವರುತ್ತಾರೆ. ಒಣಗಿದೆ. ಮತ್ತೊಮ್ಮೆ ಸವರುತ್ತಾರೆ. ಕಿವಿಯ ಮೇಲಿನ ಕಡ್ಡಿ ತೆಗೆದು ಎಲ್ಲ ತೂತುಗಳಿಗೂ ಇನ್ನೊಂದು ಸಲ ಆಡಿಸುತ್ತಾರೆ. ಹೆಚ್ಚಿನ ನೀರು ಇಳಿಸಿ, ತುಟಿಯಲ್ಲೇ ಬಿಸ್ಮಿಲ್ಲಾ ಎಂದು ಬೆಂಕಿಕಡ್ಡಿ ಗೀರುತ್ತಾರೆ.

ಆಮೇಲಿನದು ಕಾಯುವ ಕೆಲಸ. ಇಂಜಿನ್ನನ್ನು ಹೊರ ತಂದು ಹಳಿಯ ಮೇಲೆ ನಿಲ್ಲಿಸಿದ್ದಾರೆ. ಕಲ್ಲಿದ್ದಲಿನ ವಾಸನೆ ಕಣದ ತುಂಬ ಹರಡುತ್ತದೆ. ಉಸ್ಸ್ ಎನ್ನುವವರೆಗೆ ಯಾರೂ ಹಗ್ಗ ದಾಟಬಾರದು ಎಂದು ಅವರ ಕಟ್ಟಪ್ಪಣೆ. ಚಂದ್ರಯ್ಯನವರಿಗೂ ವಿನಾಯಿತಿಯಿಲ್ಲ. ಹಗ್ಗದ ಒಳಗೆ ಅವರೊಬ್ಬರೇ. ಮುಳ್ಳು ಏರುತ್ತದೆ. ಐವತ್ತು. ಅರುವತ್ತು. ಮಕ್ಕಳ ಗಲಾಟೆ ತಾನಾಗಿಯೇ ಕಡಿಮೆಯಾಗುತ್ತದೆ. ಎಪ್ಪತ್ತು ದಾಟಿದಾಗ ಮಸೂದಾ ಜಪಮಣಿಯ ತಸ್ಬಿ ತೆಗೆಯುತ್ತಾರೆ. ಕಣದ ಆಚೆ ಕಲ್ಯಾಣಮ್ಮನ ಪೊರಕೆ ನಿಂತಿದೆ. ಜಗಲಿಯ ಮೇಲೆ ಆಶಾ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಾರೆ. ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಏನೂ ಆಗುವುದಿಲ್ಲ. ಅಮೀರ್ ಜಾನ್ ಕೈ ಸೀಟಿಯ ಹಿಡಿಗೆ ಹೋಗುತ್ತದೆ.

ಉಸ್ಸ್!

ಮೊದಲು ಹಳೆಯದು. ಅದರ ಬೆನ್ನಿಗೇ ಹೊಸದು. ಎರಡು ಬಿಳಿಯ ಎಳೆ ಮೇಲೆದ್ದು ಮಂಜಿನಲ್ಲಿ ಸೇರಿಹೋಗುತ್ತವೆ. ಮಕ್ಕಳು ಕಿರುಚುತ್ತಾರೆ. ಅಮೀರ್ ಜಾನ್ ನಗುವುದಿಲ್ಲ. ಮುಳ್ಳು ಇಳಿಯುವುದನ್ನು ನೋಡಿ, ಮಫ್ಲರಿನಿಂದ ಮುಖ ಒರೆಸಿಕೊಂಡು, ತಾವೇ ಹೋಗಿ ಹಗ್ಗ ಬಿಚ್ಚುತ್ತಾರೆ.

ಮಧ್ಯಾಹ್ನದವರೆಗೆ ಮರಿ ಓಡುತ್ತದೆ. ಪ್ರತಿ ಸುತ್ತು ಮುಗಿದಾಗಲೂ ಅವರು ಇಳಿದು ವಾಲ್ವುಗಳನ್ನು ನೋಡುತ್ತಾರೆ. ಬಸ್ ಹೊರಟ ಮೇಲೆ ಬೆಂಕಿ ಇಳಿಸಿ, ಬಿಸಿ ಆರಿದ ನಂತರ ಪ್ರತಿ ತೂತಿಗೂ ಬಿರಡೆ ಸಿಕ್ಕಿಸಿ, ಒಣಗಿದ ಬಟ್ಟೆ ಹೊದೆಸುತ್ತಾರೆ. ಬೀಗ ಹಾಕಲು ಬಂದ ಕಲ್ಯಾಣಮ್ಮ ಪೊರಕೆ ಎತ್ತಿ ತೋರಿಸುತ್ತಾರೆ. "ನೋಡ್ರಿ ಇದ್ರು ಗತಿ. ಕಡ್ಡೀನೇ ಉಳ್ದಿಲ್ಲ. ಇನ್ಮೇಲೆ ನಿಮ್ದೇ ಪೊರಕೆ ತಂದ್ಕೊಳ್ಳಿ ಅಮೀರಣ್ಣ." ಒಂದು ವರ್ಷದ ನಂತರ ಆಕೆ ಅವರಿಗೆ ಬೈದ ಮೊದಲ ಬೈಗುಳ ಇದು. ಅಮೀರ್ ಜಾನ್ ಅದನ್ನು ತಲೆ ತಗ್ಗಿಸಿ ಸಂತೋಷದಿಂದ ಕೇಳಿಸಿಕೊಳ್ಳುತ್ತಾರೆ.

ಕಿಟಕಿಯ ಮೇಲೆ ತಟ್ಟೆಯ ನೀರು ಸ್ವಲ್ಪ ಆರಿದೆ. ಅವರು ಡ್ರಮ್ಮಿನಿಂದ ಮಳೆನೀರು ತಂದು ತುಂಬುತ್ತಾರೆ. ಗೂಡಿನೊಳಗಿನ ಜೀವ ಹೊರಬರಲು ಇನ್ನೂ ಕಾಲವಿದೆ. ಆಶಾ ಅವರಿಗೂ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಆಟೋದಲ್ಲಿ ಮಸೂದಾ ಕಾಯುತ್ತಿದ್ದಾರೆ. ಅಮೀರ್ ಜಾನ್ ಹಳಿಯ ಉದ್ದಕ್ಕೂ, ಸುರಂಗದ ಬಾಯಿಯ ತಗಡಿನ ಬೋರ್ಡಿನವರೆಗೂ ನೋಡುತ್ತಾರೆ.

"ಆ ಕೂಸು ಸುಸೂತ್ರವಾಗಿ ಬರ್ಲಿ. ಕೂರೋ ಹಂಗಾಗ್ಲಿ. ಮೊದಲ್ನೇ ಡಬ್ಬೀಲಿ ಕೂರುಸ್ಕೊಂಡು ಎಡಕುಮೇರಿ ದಾಟುಸ್ತೀನಿ. ಅವತ್ತೂ ನಂಗೆ ಇವತ್ತಿನಷ್ಟೇ ಹೆದ್ರಿಕೆ ಇರ್ಬೇಕು ಕಣ್ರೀ. ಅದೊಂದು ಕಮ್ಮಿ ಆಗ್ದೆ ಇದ್ರೆ ಸಾಕು."